ತಮ್ಮ ನೀರು ಕೇಳಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹೆದರುವುದಕ್ಕೆ ಕಾರಣಗಳಿಗೇನೂ ಬರವಿರಲಿಲ್ಲ. ನಂಜನಗೂಡಿನಲ್ಲಿ, ಹೊಳೆಗೆ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ನಾಡಹೆಂಚಿನ ಮನೆ. ಮಳೆಗಾಲದಲ್ಲಿ ಕಪಿಲೆ ಉಕ್ಕಿದರೆ ಹೆದರಿಕೆ. ಆ ನೀರಿನ ಜೊತೆ ಹಿತ್ತಲಿಗೆ ಬರುವ ಹಾವುಗಳ ಹೆದರಿಕೆ. ಸೂರಿನ ಹೆಂಚು ಗಾಳಿಗೆ ಹಾರೀತೆಂಬ ಹೆದರಿಕೆ. ಇವೆಲ್ಲ ಸಾಲದು ಎಂಬಂತೆ ಅಜ್ಜಿಯ ಗದರಿಕೆ ಬೇರೆ. ಆದರೆ ಮಕ್ಕಳೇ, ಇವೆಲ್ಲ ಒಂದು ತೂಕವಾದರೆ ಆ ಶನಿವಾರದ ಹೆದರಿಕೆಯೇ ಒಂದು ತೂಕ. ಅದನ್ನು ನೆನೆದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ಆ ದಿನದ ಕಥೆ ಹೇಳಬೇಕಾದರೆ ಮೊದಲು ನಮ್ಮ ಹೋಂ ಸೈನ್ಸ್ ಟೀಚರ್ ಬಗ್ಗೆ ಹೇಳಬೇಕು.

ಎಪ್ಪತ್ತರ ದಶಕ ಮುಗಿದು ಎಂಬತ್ತರದು ಆಗಷ್ಟೇ ಶುರುವಾಗಿತ್ತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿದ್ದೆ. ಅಲ್ಲಿ ಗೃಹವಿಜ್ಞಾನ ಅಂತ ಒಂದು ಪಾಠವಿತ್ತು. ಅಡುಗೆ, ಹೊಲಿಗೆ, ಬಟ್ಟೆಯ ಕಲೆ ತೆಗೆಯುವುದು, ಕೂಸುಗಳ ಆರೈಕೆ, ಎಲ್ಲ ಅದರಲ್ಲೇ. ಪಕ್ಕದ ಹುಡುಗರ ಶಾಲೆಯವರು ಅದನ್ನು ‘ಒಗ್ಗರಣೆ ಕ್ಲಾಸು’ ಎಂದು ಕಿಚಾಯಿಸುತ್ತಿದ್ದರು. ನಮ್ಮ ಅಜ್ಜಿಯಂತೂ ಕೇಳಿದ ದಿನವೇ ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಅನ್ನ ಬಸಿಯೋದ ಕಲ್ಯಕ್ಕೆ ಇಸ್ಕೂಲ್ಗೆ ಓಗ್ಬೇಕಾ? ಆ ಟೀಚರಮ್ಮಂಗೆ ಸಂಬ್ಳನೂ ಕೊಟ್ಟಾರಾ?” ಎಂದಿದ್ದಳು.

ಟೀಚರ್ ಟಿ. ನರಸೀಪುರದವರು. ವಾರವೆಲ್ಲ ನಂಜನಗೂಡಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದರು, ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದರು. ಅಲ್ಲಿ ಅವರ ಅಣ್ಣನ ಮನೆ. ಗಂಡ, ಮಕ್ಕಳು ಅಂತ ಯಾರೂ ಇದ್ದಂತಿರಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ. ಉಡುತ್ತಿದ್ದುದು ನೂಲಿನ ಸೀರೆಗಳನ್ನೇ. ಆದರೆ ಅನ್ನದ ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ ಉಟ್ಟರೆ ಅವರು ನಡೆಯುವಾಗ ಸೀರೆ ಸರಸರ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದೊಡನೆ ನಾವು ಉಗುರು ನೋಡಿಕೊಳ್ಳುತ್ತಿದ್ದೆವು. ಉಗುರಿನಲ್ಲಿ ಮಣ್ಣಿದ್ದರೆ ಅಂದು ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಮೂಲೆಯಲ್ಲಿ ಕೂತು ಬೇರೆಯವರು ಮಾಡಿದ ಉಪ್ಪಿಟ್ಟಿನ ವಾಸನೆ ಕುಡಿಯಬೇಕಿತ್ತು. ಅವರ ಪಾಠದ ಕೋಣೆಯಲ್ಲಿ ಯಾವಾಗಲೂ ಸೀಮೆಎಣ್ಣೆ, ಸೀಗೆಪುಡಿ, ಹೊಸ ಬಟ್ಟೆ ಮೂರೂ ಸೇರಿದ ಒಂದು ಘಮವಿರುತ್ತಿತ್ತು. ಬೈದರೂ ಅವರೆಂದರೆ ನಮಗೆ ಪ್ರಾಣ. ಹಸಿದು ಬಂದವಳು ಯಾರೆಂದು ಮುಖ ನೋಡಿಯೇ ತಿಳಿಯುತ್ತಿದ್ದರು. ಪಾಠಕ್ಕೆಂದು ಮಾಡಿದ್ದರಲ್ಲಿ ಮೊದಲ ತಟ್ಟೆ ಅವಳಿಗೇ ಹೋಗುತ್ತಿತ್ತು.

ಒಂದು ದಿನ ಅವರು ಕೂಸುಗಳಿಗೆ ವಾಂತಿಭೇದಿಯಾದರೆ ಏನು ಮಾಡಬೇಕೆಂದು ಹೇಳಿಕೊಟ್ಟರು. ಕಾಯಿಸಿ ಆರಿಸಿದ ನೀರು, ಅದಕ್ಕೆ ಬೆಲ್ಲ ಅಥವಾ ಸಕ್ಕರೆ, ಒಂದು ಚಿಟಿಕೆ ಪುಡಿ ಉಪ್ಪು. ಕಲಸಿದ ಮೇಲೆ ರುಚಿ ನೋಡಲೇಬೇಕು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಬೇಕು, ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ನಾನು ಎದ್ದು ನಿಂತು, “ಕಣ್ಣೀರು ಎಷ್ಟು ಉಪ್ಪಿರುತ್ತೆ ಟೀಚರ್?” ಎಂದು ಕೇಳಿದೆ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಟೀಚರ್ ನಗಲಿಲ್ಲ. “ಅಳು ಬಂದ ದಿನ ನಾಲಿಗೆಗೆ ಹಚ್ಚಿ ನೋಡ್ಕೊ, ತಿಳಿಯುತ್ತೆ” ಎಂದು ಹೇಳಿ ಎಲ್ಲರ ಅಂಗೈಗೂ ಒಂದೊಂದು ಚಮಚ ನೀರು ಹಾಕಿ ನೆಕ್ಕಿಸಿದರು.

ಆ ವರ್ಷ ಹೊಳೆ ಜೋರಾಗಿ ಬಂತು. ನಮ್ಮ ಗಲ್ಲಿಯ ತನಕ ನೀರು ಹತ್ತಿ, ಮತ್ತೆ ಇಳಿಯಿತು. ಇಳಿದ ಮೇಲೆ ಎಲ್ಲೆಲ್ಲೂ ಕೆಸರು, ಕೊಳೆತ ಬಾಳೆದಿಂಡಿನ ನಾತ, ನೊಣ. ಸೇದುವ ಬಾವಿಗೂ ಹೊಳೆಯ ನೀರು ನುಗ್ಗಿತ್ತು. ನಾವು ಅದನ್ನೇ ಬಟ್ಟೆಯಲ್ಲಿ ಸೋಸಿ ಕುಡಿದೆವು. ಕೆಲವೇ ದಿನಗಳಲ್ಲಿ ಬೀದಿ ಬೀದಿಯಲ್ಲಿ ವಾಂತಿಭೇದಿ ಹಬ್ಬಿತು. ಆಚೆ ಬೀದಿಯಲ್ಲಿ ಒಂದು ಕೂಸು ಹೋಯಿತು ಎಂದು ಯಾರೋ ಬಂದು ಹೇಳಿದರು, ಮಾರನೆಯ ದಿನ ಇನ್ನೊಂದು. ಅವ್ವ ನಮ್ಮನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದಳು. ಆದರೂ ಅದು ನಮ್ಮ ಮನೆಗೆ ಬಂತು. ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ ನನ್ನ ತಮ್ಮ ಶುಕ್ರವಾರ ಮಧ್ಯಾಹ್ನ ವಾಂತಿ ಮಾಡಿಕೊಂಡ. ಆಸ್ಪತ್ರೆಯ ವರಾಂಡದಲ್ಲೂ ಜನ ಮಲಗಿದ್ದರು. ಅಲ್ಲಿಂದ ತಂದ ಔಷಧಿ ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಶನಿವಾರ ಬೆಳಗಾಗುವಷ್ಟರಲ್ಲಿ ಅವನು ನಮ್ಮ ತಮ್ಮನ ಹಾಗೇ ಇರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೆಯೇ ನಿಂತುಬಿಡುತ್ತಿತ್ತು. ಅತ್ತರೆ ಕಣ್ಣಲ್ಲಿ ನೀರೇ ಬರುತ್ತಿರಲಿಲ್ಲ.

ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಮಗುವನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ಯಲು ಗಿರಣಿಯ ಲಾರಿ ಕೇಳುತ್ತೇನೆಂದು ಬೆಳಗ್ಗೆಯೇ ಹೋದ. ಲಾರಿ ಭತ್ತ ತುಂಬಲು ಕವಲಂದೆಗೆ ಹೋಗಿದೆಯೆಂದು ತಿಳಿದು, ಅದನ್ನು ಹುಡುಕಿಕೊಂಡು ಅವನೂ ಹೋದನೆಂದು ಗಿರಣಿಯವರೊಬ್ಬರು ಹೇಳಿ ಕಳಿಸಿದರು. ಮನೆಯಲ್ಲಿ ಉಳಿದದ್ದು ಅಜ್ಜಿ, ಅವ್ವ, ನಾನು ಮತ್ತು ತಮ್ಮ.

ತಮ್ಮನಿಗೆ ಬರುತ್ತಿದ್ದುದು ನಾಲ್ಕಾರು ಮಾತು. ಅದರಲ್ಲಿ ಒಂದು ‘ನೀ’. ನೀರು ಅಂತ. ಮೂಲೆಯ ಹಿತ್ತಾಳೆ ಬಿಂದಿಗೆಯ ಕಡೆ ಬೆರಳು ಮಾಡಿ “ನೀ... ನೀ...” ಎಂದು ಕೇಳುತ್ತಲೇ ಇದ್ದ. ಅವ್ವ ಅವನ ಮುಖವನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಅಜ್ಜಿ ಎದ್ದು ಹೋಗಿ ಬಿಂದಿಗೆಯ ಮೇಲೆ ಒಂದು ಹಳೆಯ ಸೀರೆ ಹೊದಿಸಿದಳು, ಮಗುವಿನ ಕಣ್ಣಿಗೆ ಅದು ಕಾಣದಿರಲಿ ಎಂದು. ಏಕೆಂದರೆ ನಮ್ಮ ಕಡೆ ಆಗ ಎಲ್ಲರೂ ನಂಬಿದ್ದುದು ಹಾಗೆ: ವಾಂತಿಭೇದಿಯಾದ ಕೂಸಿಗೆ ನೀರು ಕೊಟ್ಟರೆ ಇನ್ನೂ ಹೋಗುತ್ತದೆ, ಹೊಟ್ಟೆ ಒಣಗಿಸಿದರೆ ನಿಲ್ಲುತ್ತದೆ.

ನನಗೂ ತಮ್ಮನಿಗೂ ನಡುವೆ ಒಬ್ಬಳು ತಂಗಿ ಹುಟ್ಟಿದ್ದಳು. ಅವಳೂ ಇದೇ ಕಾಯಿಲೆಯಲ್ಲಿ ಹೋಗಿದ್ದಳು. ಪಕ್ಕದ ಮನೆಯಾಕೆ ಕನಿಕರಪಟ್ಟು ಒಂದು ಲೋಟ ನೀರು ಕುಡಿಸಿದ್ದಕ್ಕೇ ಅವಳು ಸತ್ತಳು ಎನ್ನುವುದು ಅಜ್ಜಿಯ ತೀರ್ಮಾನ. ಆ ಪಕ್ಕದ ಮನೆಯಾಕೆಯ ಜೊತೆ ಅಜ್ಜಿ ಮತ್ತೆಂದೂ ಮಾತಾಡಿರಲಿಲ್ಲ. ಹಾಗಾಗಿ ನಾನು ಮೆಲ್ಲಗೆ, “ಅಜ್ಜಿ, ನಮ್ ಟೀಚರ್ ನೀರು ಕೊಡ್ಬೇಕು ಅಂದಿದ್ರು” ಎಂದಾಗ ಅವಳು ಸರ್ರನೆ ನನ್ನ ಕಡೆ ತಿರುಗಿದಳು.

“ಒಂದು ಮಗೀನ ನೀರ್ ಕೊಟ್ಟೇ ಕಳ್ಕಂಡಿವ್ನಿ. ಇದ್ನೂ ಕಳೀಬೇಕಾ? ಆ ಬಿಂದ್ಗೆ ತಾವ್ಕೆ ಓದ್ರೆ ನಿನ್ ಕಾಲ್ ಮುರ್ದಾಕ್ತೀನಿ ನೋಡು!”

ಹಾಗೆ ಕೂಗಾಡಿದಳು. ಆಮೇಲೆ ನಂಜುಂಡಪ್ಪನ ಪಟದ ಮುಂದೆ ಕೂತು, ಮಗು ಉಳಿದರೆ ಮುಡಿ ಕೊಡುತ್ತೇನೆ ಎಂದು ಸೆರಗೊಡ್ಡಿ ಬೇಡಿಕೊಂಡಳು.

ಅವಳು ಕಣ್ಣು ಮುಚ್ಚಿದ್ದಾಗ ನಾನು ಅಡುಗೆಮನೆಗೆ ನುಸುಳಿದೆ. ಬೆಳಗ್ಗೆ ಕಾಯಿಸಿದ ನೀರು ಒಲೆಯ ಬದಿಯ ಪಾತ್ರೆಯಲ್ಲಿ ಆರಿತ್ತು. ಅದನ್ನು ಲೋಟಕ್ಕೆ ಬಗ್ಗಿಸಿ ಬೆಲ್ಲ ಜಜ್ಜಿ ಹಾಕಿದೆ. ಉಪ್ಪಿನ ಮಡಕೆಗೆ ಕೈ ಹಾಕಿದರೆ ಸಿಕ್ಕಿದ್ದು ಕಲ್ಲುಪ್ಪು. ನಮ್ಮ ಮನೆಯಲ್ಲಿ ಪುಡಿ ಉಪ್ಪು ಎಲ್ಲಿತ್ತು? ಎಷ್ಟು ಹಾಕಬೇಕೋ ತಿಳಿಯದೆ ಬೆರಳಿಗೆ ಬಂದಷ್ಟು ಹಾಕಿ ಕದಡಿದೆ. ಅಷ್ಟರಲ್ಲಿ ನನ್ನ ಕೆನ್ನೆಯ ಮೇಲೆಲ್ಲ ನೀರು ಇಳಿದಿತ್ತು. ಟೀಚರ್ ಹೇಳಿದ್ದು ನೆನಪಾಗಿ, ಕೆನ್ನೆ ಒರೆಸಿದ ಬೆರಳನ್ನು ನಾಲಿಗೆಗೆ ಇಟ್ಟೆ, ಆಮೇಲೆ ಲೋಟದ ನೀರನ್ನು ಇಟ್ಟೆ. ಲೋಟದ್ದೇ ಹೆಚ್ಚು ಉಪ್ಪು, ಬಹಳ ಹೆಚ್ಚು. ಇದನ್ನು ಕುಡಿಸಿಬಿಟ್ಟಿದ್ದರೆ? ಲೋಟವನ್ನು ಹಿತ್ತಲಿಗೆ ಚೆಲ್ಲಿ, ಇನ್ನೊಮ್ಮೆ ಕಲಸುವ ಧೈರ್ಯ ಬಾರದೆ ಅಲ್ಲೇ ನಿಂತುಬಿಟ್ಟೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ. ತಮ್ಮ ಅವಳ ಹೆಗಲ ಮೇಲೆ ತೂಗಾಡುತ್ತಿದ್ದ. ಎಲ್ಲವನ್ನೂ ನೋಡಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ದನಿಯೇ ಹೊರಡದ ಹಾಗೆ, “ಇತ್ಲಿಂದ್ಲೇ ಓಗು. ನಿಮ್ ಟೀಚರಮ್ಮನ್ನ ಕರ್ಕಂಡ್ ಬಾ” ಎಂದಳು.

ಹಿತ್ತಲ ಕೆಸರಿನಲ್ಲಿ ಬರಿಗಾಲಿನಲ್ಲಿ ಓಡಿದೆ. ಟೀಚರ ಕೋಣೆಗೆ ಬೀಗ ಬಿದ್ದಿತ್ತು. ಮನೆಯ ಒಡತಿ, “ಈಗ್ತಾನೆ ಬಸ್ಸಿಗೆ ಹೋದ್ರಲ್ಲ” ಎಂದರು. ಶನಿವಾರ ಎಂಬುದನ್ನೇ ನಾನು ಮರೆತಿದ್ದೆ. ಮತ್ತೆ ಓಡಿದೆ. ದಾರಿಯಲ್ಲಿ ಯಾರೋ ಏನೋ ಕೇಳಿದರು, ನಿಲ್ಲಲಿಲ್ಲ. ನಾನು ಮನೆಗೆ ಮರಳುವಷ್ಟರಲ್ಲಿ ತಮ್ಮ ಇರುತ್ತಾನೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹೊಗೆ ಬಿಡುತ್ತ ಹೊರಡುವುದರಲ್ಲಿತ್ತು. ಕಿಟಕಿಯ ಹತ್ತಿರ ಟೀಚರ್ ಕೂತಿದ್ದರು, ಮಡಿಲಲ್ಲಿ ಅವರ ಪ್ಲಾಸ್ಟಿಕ್ ಬುಟ್ಟಿ. ನಾನು ಬಸ್ಸಿನ ತಗಡಿಗೆ ಎರಡೂ ಕೈಯಿಂದ ಬಡಿದೆ.

“ಟೀಚರ್, ತಮ್ಮ... ನೀರು ಕೇಳ್ತಾನೆ... ಯಾರೂ ಕೊಡ್ತಿಲ್ಲ ಟೀಚರ್.”

ಇಷ್ಟೇ ನನ್ನ ಬಾಯಿಂದ ಬಂದದ್ದು. ಅವರ ಮುಖದ ಬಣ್ಣವೇ ಇಳಿದುಹೋಯಿತು. ಅಂಥ ಗಟ್ಟಿ ಹೆಂಗಸು ಹೆದರಿದ್ದನ್ನು ನಾನು ಅದೇ ಮೊದಲು ಕಂಡದ್ದು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಅವರು ಎದ್ದು ಜನರ ನಡುವೆ ನುಗ್ಗಿ ಇಳಿದರು. ಕಂಡಕ್ಟರು, “ಮೇಡಮ್ಮೋರೆ, ಇದು ಓದ್ರೆ ಇನ್ ಸಂಜೆಗೇ ಕಣ್ರೀ ಬಸ್ಸು!” ಎಂದು ಕೂಗಿದ. “ಹೋಗ್ಲಿ ಬಿಡಪ್ಪ” ಎಂದು ಅವರು ಆಗಲೇ ನನ್ನ ಕೈ ಹಿಡಿದು ನಡೆಯತೊಡಗಿದ್ದರು. ದಾರಿಯ ಅಂಗಡಿಯಲ್ಲಿ ಒಂದು ಪೊಟ್ಟಣ ಸಕ್ಕರೆ, ಒಂದು ಪೊಟ್ಟಣ ಪುಡಿ ಉಪ್ಪು ತೆಗೆದುಕೊಂಡರು. ಮಗು ಎಷ್ಟು ಹೊತ್ತಿನಿಂದ ಉಚ್ಚೆ ಹೊಯ್ದಿಲ್ಲ ಎಂದು ಕೇಳಿದರು. ರಾತ್ರಿಯಿಂದ ಎಂದೆ. ಅಲ್ಲಿಂದ ಮುಂದೆ ಅವರು ನಡೆಯಲಿಲ್ಲ, ಗಂಜಿ ಹಾಕಿದ ಸೀರೆಯನ್ನು ಕೈಯಲ್ಲಿ ಎತ್ತಿ ಹಿಡಿದು ಓಡಿದರು.

ಬಾಗಿಲಲ್ಲಿ ಅಜ್ಜಿ ಎರಡೂ ಕೈ ಚಾಚಿ ಅಡ್ಡ ನಿಂತಳು. ನೀರು ಕುಡಿಸಲು ಬಂದವರು ಎಂದು ಅವಳಿಗೆ ತಿಳಿದುಹೋಗಿತ್ತು. ಟೀಚರ್ ಕೈ ಮುಗಿದು ಸಮಾಧಾನವಾಗಿಯೇ ಹೇಳಿದರು: ಮೈಯಲ್ಲಿದ್ದ ನೀರೆಲ್ಲ ಹೊರಟುಹೋಗಿದೆ, ಅದನ್ನು ತಿರುಗಿ ತುಂಬಬೇಕು, ಲಾರಿ ಬರುವ ತನಕ ಕಾಯುವ ಹಾಗಿಲ್ಲ. ಅಜ್ಜಿ ಕೇಳಿಸಿಕೊಳ್ಳಲೇ ಇಲ್ಲ.

“ನಿಮ್ಗೇನ್ ಗೊತ್ತವ್ವ? ಪುಸ್ತಕ ಓದ್ಬುಟ್ರೆ ಆಗೋಯ್ತಾ? ನೀವು ಎತ್ತಿದೀರಾ, ಒತ್ತಿದೀರಾ? ಒಂದ್ ಮಗ ಸಾಕಿದ್ರೆ ಗೊತ್ತಾಗ್ತಿತ್ತು ನಿಮ್ಗೆ!”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟೀಚರ್ ಪಾಠ ಹೇಳುವ ದನಿಯಲ್ಲಲ್ಲ, ತಮ್ಮ ಊರಿನ ಮಾತಿನಲ್ಲೇ ಹೇಳಿದರು.

“ಒಂದಿತ್ತು ಕಣಮ್ಮ. ಗಂಡು. ಇಷ್ಟೇ ವಯಸ್ಸು. ಇದೇ ಕಾಯಿಲೆ. ಎಲ್ಲಾರೂ ನೀರು ಕೊಡ್ಬೇಡ ಅಂದ್ರು, ನಾನು ಕೊಡ್ಲಿಲ್ಲ. ಎಲ್ಡು ದಿನ ಕೇಳ್ತು. ಮೂರ್ನೇ ದಿನ ಕೇಳ್ಲಿಲ್ಲ.”

ಮನೆಯೊಳಗೆ ತಮ್ಮ ನರಳಿದ. ಅಜ್ಜಿಯ ಕೈಗಳು ತಾವಾಗಿಯೇ ಕೆಳಗಿಳಿದವು. ಅವಳು ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ಕೂತಳು.

ಟೀಚರ್ ಕೈ ತೊಳೆದು, ಆರಿದ ನೀರಿನಲ್ಲಿ ಸಕ್ಕರೆ, ಉಪ್ಪು ಕಲಸಿ ರುಚಿ ನೋಡಿ, ನನಗೂ ನೋಡಲು ಕೊಟ್ಟರು. ನಾನು ಸರಿಯಾಗಿದೆ ಎಂದು ತಲೆಯಾಡಿಸಿದ ಮೇಲೆ ಮಗುವಿಗೆ ಹಾಲು ಕುಡಿಸುವ ಒಳಲೆಯನ್ನು ತರಿಸಿದರು. ತಮ್ಮನನ್ನು ಮಡಿಲಲ್ಲಿ ಮಲಗಿಸಿಕೊಂಡು ಒಳಲೆಯ ತುದಿಯಿಂದ ತುಟಿಗೆ ಸ್ವಲ್ಪವೇ ಮುಟ್ಟಿಸಿದರು. ಅವನು ಕಣ್ಣು ಮುಚ್ಚಿಕೊಂಡೇ ನೆಕ್ಕಿದ. ಇನ್ನಷ್ಟು ಕೊಟ್ಟರು, ನುಂಗಿದ. ಮತ್ತಷ್ಟು ಕೊಟ್ಟರು. ಆಗ ಅವನು ಎಲ್ಲವನ್ನೂ ಒಂದೇ ಸಲಕ್ಕೆ ವಾಂತಿ ಮಾಡಿಕೊಂಡು ಕತ್ತು ವಾಲಿಸಿಬಿಟ್ಟ.

ಅಜ್ಜಿ ಎದೆ ಬಡಿದುಕೊಂಡು, “ಅಯ್ಯೋ, ಓಯ್ತು! ಓಯ್ತಲ್ಲಪ್ಪಾ ನನ್ ಕಂದ!” ಎಂದು ಕಿರುಚಿದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಟೀಚರನ್ನು ಕರೆತಂದವಳು ನಾನು. ತಮ್ಮ ಸತ್ತರೆ ಆ ಪಕ್ಕದ ಮನೆಯಾಕೆಯ ಹಾಗೆ ನನ್ನ ಜೊತೆಯೂ ಯಾರೂ ಮಾತಾಡುವುದಿಲ್ಲ ಅಂದುಕೊಂಡೆ. ಅವ್ವನ ಮುಖ ನೋಡಲು ಹೆದರಿ ನೆಲ ನೋಡುತ್ತ ಕೂತೆ. ಆದರೆ ಟೀಚರ್ ಮಾತ್ರ ಸೆರಗಿನಿಂದ ಅವನ ಬಾಯಿ ಒರೆಸಿ, ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ, “ಉಸಿರಿದೆ. ವಾಂತಿಯಾದ್ರೆ ಸ್ವಲ್ಪ ತಡೆದು ಮತ್ತೆ ಕೊಡಬೇಕು” ಎಂದರು. ತಡೆದರು. ಮತ್ತೆ ಕೊಟ್ಟರು. ಈ ಸಲ ಇನ್ನೂ ನಿಧಾನ, ತೊಟ್ಟು ತೊಟ್ಟಾಗಿ.

ಹಾಗೆ ಎಷ್ಟು ಹೊತ್ತು ಕಳೆಯಿತೋ. ಅವರ ಕಾಲು ಜೋಮು ಹಿಡಿದಿರಬೇಕು, ಕದಲಲಿಲ್ಲ. ಒಳಲೆ ಬರಿದಾದಾಗಲೆಲ್ಲ ನಾನು ತುಂಬಿಕೊಡುತ್ತಿದ್ದೆ. ಅವ್ವ ಅವನ ಪಾದ ಉಜ್ಜುತ್ತಿದ್ದಳು. ನಡುನಡುವೆ ಭೇದಿಯಾಗುತ್ತಿತ್ತು, ಆಗೆಲ್ಲ ಬಾಗಿಲಲ್ಲಿ ನಿಂತವರು ಲೊಚಗುಟ್ಟುತ್ತಿದ್ದರು. ಬಿಸಿಲು ಹಿಂಬದಿಯ ಗೋಡೆಗೆ ಹತ್ತಿದ ಹೊತ್ತಿಗೆ ತಮ್ಮ ಕಣ್ಣು ಬಿಟ್ಟು ಟೀಚರ ಮುಖವನ್ನು ನೋಡಿದ. ಯಾರಿದು ಎನ್ನುವ ಹಾಗೆ ಹುಬ್ಬು ಗಂಟು ಹಾಕಿದ. ಆಮೇಲೆ ಬಾಯಿ ಸೊಟ್ಟಗೆ ಮಾಡಿ ಅತ್ತ. ಕಣ್ಣಿನ ಮೂಲೆಯಲ್ಲಿ ಒಂದು ಹನಿ ನೀರಿತ್ತು. ಅಷ್ಟರಲ್ಲೇ ಟೀಚರ ತಿಳಿನೀಲಿ ಸೀರೆಯ ಮೇಲೆ ಒಂದು ಒದ್ದೆ ಕಲೆ ಹರಡತೊಡಗಿತು.

ಮೊದಲು ಕಂಡದ್ದು ಅಜ್ಜಿಯೇ. “ಉಯ್ದ! ಉಯ್ದ ಕಣವ್ವಾ! ನಮ್ ಟೀಚರಮ್ಮನ್ ಸ್ಯಾಲೆ ಮ್ಯಾಲೆ ಉಚ್ಚೆ ಉಯ್ದ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಲಾಟರಿ ಹೊಡೆದವರೂ ಹಾಗೆ ಕೂಗಲಾರರು. ಬಾಗಿಲಲ್ಲಿದ್ದವರೆಲ್ಲ ನಕ್ಕರು, ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಗಂಜಿಯ ಗರಿಗರಿಯೆಲ್ಲ ಹೋಗಿ ಮುದುಡಿದ್ದ ಆ ಸೀರೆಯಲ್ಲಿ ಕೂತ ಟೀಚರ್ ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಲಾರಿ ತಂದ. ಅವತ್ತೇ ಮೈಸೂರಿಗೆ ಹೋದೆವು, ದಾರಿಯುದ್ದಕ್ಕೂ ಒಳಲೆ ಅವ್ವನ ಕೈಯಲ್ಲಿತ್ತು. ಇನ್ನು ಸ್ವಲ್ಪ ಒಣಗಿದ್ದರೂ ಕೈಗೆ ಸಿಗುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಅಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಮುಂದಿನ ದಿನಗಳಲ್ಲಿ ಟೀಚರ್ ತಮ್ಮದೇ ಕಥೆಯನ್ನು ನನಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಮಗು ಹೋದ ಮೇಲೆ ಗಂಡನ ಮನೆಯಲ್ಲಿ ಇರಲಾಗಲಿಲ್ಲವಂತೆ. ಅಣ್ಣನ ಮನೆಗೆ ಬಂದು, ನಿಂತಿದ್ದ ಓದನ್ನು ಮತ್ತೆ ಹಿಡಿದು, ಇದೇ ವಿಷಯ ಬೇಕೆಂದು ಹಟ ಮಾಡಿ ಕಲಿತರಂತೆ. ಆ ಮಳೆಗಾಲ ಮುಗಿಯುವ ತನಕ ಅವರು ಶನಿವಾರಗಳಲ್ಲಿ ಊರಿಗೆ ಹೋಗಲಿಲ್ಲ. ನಮ್ಮನ್ನು ಕಟ್ಟಿಕೊಂಡು ಬೀದಿ ಬೀದಿ ಸುತ್ತಿ, ನೀರು ಕಲಸುವುದನ್ನು ತೋರಿಸಿದರು. ಚಿಕ್ಕಯ್ಯನಛತ್ರದ ಕಡೆಯ ಹಳ್ಳಿಗಳಿಗೂ ಹೋದೆವು. ಕೆಲವರು ಬಾಗಿಲು ಹಾಕಿಕೊಂಡರು. ಆಗೆಲ್ಲ ನಮ್ಮ ಅಜ್ಜಿ ಮುಂದೆ ಬರುತ್ತಿದ್ದಳು. ಹೌದು, ಅವಳೂ ಬರುತ್ತಿದ್ದಳು! “ನಮ್ ಮಗೀಗೆ ನಾನೇ ನಿಂತ್ಕಂಡ್ ಕುಡ್ಸ್ದೆ” ಎಂದು ಕೊಚ್ಚಿಕೊಳ್ಳುತ್ತಿದ್ದಳು. ಟೀಚರ್ ಎಂದೂ ಅವಳ ಮಾತನ್ನು ತಿದ್ದಲಿಲ್ಲ. ಪಕ್ಕದ ಮನೆಯಾಕೆಯ ಬಾಗಿಲಿಗೂ ಅಜ್ಜಿ ಒಂದು ದಿನ ತಾನೇ ಹೋದಳು. ಅಲ್ಲಿ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಬರುವಾಗ ಅವಳ ಕಣ್ಣು ಕೆಂಪಗಿತ್ತು.

ಕೆಲಸದಿಂದ ನಿವೃತ್ತರಾದ ಮೇಲೆ ಟೀಚರ್ ನರಸೀಪುರದಲ್ಲೇ ಉಳಿದರು. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು, ತಮ್ಮ ಇಬ್ಬರೂ ಹೋದೆವು. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಕೊನೆಗೆ ಬಾಯಿಗೆ ನೀರು ಬಿಡುವವರು ಯಾರು ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ತಮ್ಮ ಯಾರನ್ನೂ ಕೇಳಲಿಲ್ಲ. ಹೋಗಿ ಪಕ್ಕದಲ್ಲಿ ಮಂಡಿಯೂರಿ ಕೂತು ಅವರ ತುಟಿಗೆ ನೀರು ಬಿಟ್ಟ. ನೀವು ‘ಮೈಸೂರು ತಾತ’ ಎಂದು ಕರೆದು ಹೆಗಲು ಹತ್ತುತ್ತೀರಲ್ಲ, ಅವನೇ ನನ್ನ ಆ ತಮ್ಮ.

ನಿಮ್ಮ ಕಾಲ ಬೇರೆ. ನಿಮ್ಮ ಕೊರಳಿಗೆ ಬಣ್ಣಬಣ್ಣದ ನೀರಿನ ಬಾಟಲಿ ನೇತಾಡುತ್ತದೆ, ಸಂಜೆ ಅದು ತುಂಬಿದ ಹಾಗೆಯೇ ಮನೆಗೆ ವಾಪಸ್ಸು ಬರುತ್ತದೆ. ಕುಡಿಯಲಿಲ್ಲವೆಂದು ನಿಮ್ಮಮ್ಮ ದಿನಾ ಬೈಯುತ್ತಾಳೆ. ಹೊಟ್ಟೆ ಕೆಟ್ಟರೆ ಕಿತ್ತಳೆ ರುಚಿಯ ಪುಡಿಯ ಪೊಟ್ಟಣ ಕಪಾಟಿನಲ್ಲೇ ಇದೆ, ಅದಕ್ಕೂ ನೀವು ಮೂಗು ಮುರಿಯುತ್ತೀರಿ. ಮೊನ್ನೆ ಈ ಕಥೆ ಹೇಳುವಾಗ ನಿಮ್ಮಲ್ಲೇ ಚಿಕ್ಕವಳು ನನ್ನ ಮೇಲೆ ಸಿಟ್ಟಾದಳು. “ಪಾಪು ನೀರು ಕೇಳಿದ್ರೆ ಯಾಕಜ್ಜಿ ಕೊಡಲಿಲ್ಲ? ನಿಮಗ್ಯಾರಿಗೂ ಪಾಪು ಮೇಲೆ ಪ್ರೀತಿ ಇರಲಿಲ್ವಾ?” ಎಂದಳು.

ಇತ್ತು ಕಂದ. ಪ್ರೀತಿಯಿತ್ತು, ಅದಕ್ಕೇ ಕೊಡಲಿಲ್ಲ. ಇದು ನಿನಗೆ ಅರ್ಥವಾಗುತ್ತಿಲ್ಲ, ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ನೀರಿನ ಆ ಹೆದರಿಕೆಯನ್ನೇ ಅಳಿಸಿ, ನಿನಗೆ ಅರ್ಥವಾಗದ ಹಾಗೆ ಮಾಡಿ ಹೋದವರು ನಮ್ಮ ಟೀಚರ್.